ಕುಡಿಯುವ ನೀರು

ಒಂದೇ ಒಂದು ಹಾಳೆ. ಗೆರೆ ಎಳೆದ, ಮೂಲೆ ಮಡಿಚಿದ, ಗ್ರೀಸ್ ಕೈಯ ಗುರುತು ಬಿದ್ದ ಹಾಳೆ. ಅಗ್ನಿಶಾಮಕ ಠಾಣೆಯ ಡ್ರೈವರನ ನಿದ್ದೆ, ಊಟ ಎರಡನ್ನೂ ಕಿತ್ತುಕೊಳ್ಳಲು ಅಷ್ಟು ಸಾಕಾಗಿತ್ತು.

ಅದು ಗಾಡಿಯ ನೀರಿನ ರಿಜಿಸ್ಟರಿನ ಹಾಳೆ. ದಿನಾ ಬೆಳಿಗ್ಗೆ ಟ್ಯಾಂಕಿನ ಮಟ್ಟ ನೋಡಿ, ‘ಪೂರ್ತಿ’ ಎಂದು ಬರೆದು ಸಹಿ ಹಾಕುವುದು ಅವನ ಕೆಲಸ. ಹೋದ ವರ್ಷ ಒಂದು ದಿನ ನೋಡದೆಯೇ ಬರೆದ. ಅಂದೇ ಒಂದು ಮನೆಗೆ ಬೆಂಕಿ ಬಿತ್ತು. ಅರ್ಧ ಟ್ಯಾಂಕಿನ ನೀರು ಮೆಟ್ಟಿಲವರೆಗೆ ಸಾಕಾಯಿತು, ಮಹಡಿಯ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ದರ್ಜಿಗೆ ಸಾಕಾಗಲಿಲ್ಲ. ಪಂಪು ಕೈಕೊಟ್ಟಿತು ಎಂದು ಡ್ರೈವರ್ ಹೇಳಿದ, ಎಲ್ಲರೂ ನಂಬಿದರು. ಈಗ ಹಳೆಯ ಕಡತ ತಿರುವುತ್ತಿದ್ದ ಠಾಣಾಧಿಕಾರಿಗೆ ಒಂದು ವಿಷಯ ಹೊಳೆದಿತ್ತು: ಹಿಂದಿನ ದಿನ ಅರ್ಧ ಖಾಲಿಯಾದ ಟ್ಯಾಂಕನ್ನು ಮತ್ತೆ ತುಂಬಿಸಿದ ದಾಖಲೆಯೇ ಇಲ್ಲ.

“ಸೋಮವಾರ ಮೇಲಿನವರಿಗೆ ಕಳಿಸ್ತೀನಿ,” ಎಂದಿದ್ದರು ಸಾಹೇಬರು, ಬಾಗಿಲು ಮುಚ್ಚಿಕೊಂಡು. “ಅಷ್ಟರೊಳಗೆ ನೀನೇ ಹೋಗಿ ಒಪ್ಕೊಂಡ್ರೆ ನಿನಗೇ ಒಳ್ಳೇದು. ಹಾಳೆ ನನ್ನ ಮನೇಲಿದೆ, ಮೇಜಿನ ಡ್ರಾಯರ್‌ನಲ್ಲಿ. ಇಲ್ಲಿ ಹುಡುಕೋ ತೊಂದರೆ ತಗೋಬೇಡ.”

ಒಪ್ಪಿಕೊಳ್ಳುವುದೆಂದರೆ ಜೈಲು. ಕದ್ದರೆ, ಕದ್ದವನು ಯಾರೆಂದು ಹುಡುಕುವ ಕಷ್ಟವೇ ಇಲ್ಲ. ಆದರೆ ಮನೆ ಸುಟ್ಟರೆ? ಮನೆ ಎಂದ ಮೇಲೆ ಒಂದಲ್ಲ ಒಂದು ದಿನ ಬೆಂಕಿ ಬೀಳುತ್ತದೆ. ಅದರಿಂದಲೇ ಅಲ್ಲವೇ ಅವನ ಸಂಸಾರ ನಡೆಯುತ್ತಿದ್ದುದು!

ಆ ಯೋಚನೆ ಬಂದ ದಿನದಿಂದ ಅವನಿಗೆ ಹೆದರಿಕೆ ಹಿಡಿದಿತ್ತು. ವಿಚಿತ್ರವೆಂದರೆ, ಹೆದರಿಕೆ ಹೆಚ್ಚಿದಷ್ಟೂ ತಲೆ ಮಾತ್ರ ಚುರುಕಾಗಿ ಓಡುತ್ತಿತ್ತು. ಸುತ್ತಲ ಹದಿನಾಲ್ಕು ಹಳ್ಳಿಗೂ ಇದ್ದುದು ಒಂದೇ ಗಾಡಿ. ಅದನ್ನು ಒಂಬತ್ತು ಕಿಲೋಮೀಟರ್ ದೂರದ ಗುಡ್ಡಕ್ಕೆ ಕರೆಸಿಕೊಂಡರೆ ಆಯಿತು. ಬೇಸಿಗೆಯ ಒಣಹುಲ್ಲು, ಮಧ್ಯಾಹ್ನದ ಗಾಳಿ. ಅಲ್ಲಿ ಬೆಂಕಿ ಬಿದ್ದರೆ ಯಾರೂ ಹುಬ್ಬು ಏರಿಸುವುದಿಲ್ಲ. ಸಾಹೇಬರು ಗಾಡಿಯಲ್ಲೇ ಇರುತ್ತಾರೆ. ಅವರ ಹೆಂಡತಿ ನರ್ಸು, ಈ ವಾರ ಹಗಲು ಡ್ಯೂಟಿ, ಮನೆಗೆ ಬರುವುದು ಆರಕ್ಕೆ. ಮಕ್ಕಳಿಲ್ಲ. ಖಾಲಿ ಮನೆ. ಮುಂದಿನ ಕೋಣೆಯಲ್ಲಿ ಹತ್ತಿದ ಬೆಂಕಿ ಅಡುಗೆಮನೆಯ ಎರಡು ಸಿಲಿಂಡರ್ ಮುಟ್ಟಿದರೆ ಹಾಳೆಯಿರಲಿ, ಗೋಡೆಯೂ ಉಳಿಯುವುದಿಲ್ಲ.

ಠಾಣೆಯಲ್ಲಿ ಉಳಿಯುವವನು ಫೋನಿನ ಮುಂದೆ ಕೂತು ಮುದುಕನಾದ ಒಬ್ಬನೇ. ಎಲ್ಲರೂ ಅವನನ್ನು ‘ಹಲೋ ಮಾವ’ ಎಂದೇ ಕರೆಯುತ್ತಿದ್ದರು. ಯಾರು ಎಷ್ಟೇ ಬಾಯಿ ಬಡಿದುಕೊಂಡರೂ ಅವನದು ಮೂರು ಪ್ರಶ್ನೆ: ಎಲ್ಲಿ, ಒಳಗೆ ಎಷ್ಟು ಜನ, ಹತ್ತಿದ್ದು ಎಷ್ಟು ಹೊತ್ತಿಗೆ. ಮೂರಕ್ಕೂ ಉತ್ತರ ಬರೆದುಕೊಳ್ಳದೆ ಕುರ್ಚಿಯಿಂದ ಏಳುವ ಆಸಾಮಿಯಲ್ಲ. ಅದೂ ಡ್ರೈವರನಿಗೆ ಅನುಕೂಲವೇ ಆಯಿತು.

ಬೆಂಕಿ ತಡವಾಗಿ ಹೊತ್ತಲು ಸೊಳ್ಳೆಬತ್ತಿ ಸಾಕು. ಸುತ್ತು ಉರಿಯಲು ಎಷ್ಟು ಹೊತ್ತು ಬೇಕೆಂದು ಮೂರು ದಿನ ಬಚ್ಚಲುಮನೆಯಲ್ಲಿ ಗಡಿಯಾರ ಹಿಡಿದು ನೋಡಿದ.

“ನಮ್ಮನೇಲಿ ಅಷ್ಟೊಂದು ಸೊಳ್ಳೆ ಎಲ್ಲಿವೆ ಅಂತೀನಿ!” ಎಂದಳು ಹೆಂಡತಿ, ತಟ್ಟೆ ಎತ್ತುತ್ತಾ. ಅರ್ಧಕ್ಕರ್ಧ ಬಿಟ್ಟ ಅನ್ನ ನೋಡಿ ಅವಳ ದನಿ ಇಳಿಯಿತು. “ಊಟಾನೂ ಮಾಡ್ತಿಲ್ಲ. ಏನಾಗಿದೆ ನಿಮಗೆ?”

“ಬೇಸಿಗೆ. ಯಾವಾಗ ಸೈರನ್ ಕೂಗುತ್ತೋ ಅಂತ.”

“ಅದು ಕೂಗಿದ್ರೆ ನಿಮಗೊಬ್ಬರಿಗೇ ಓಡಾಟನಾ? ನಮ್ಮ ಪಾಡು ಯಾರು ಕೇಳ್ತಾರೆ!”

“ಹೂಂ,” ಎಂದ. ಅವನ ಮನಸ್ಸು ಸಾಹೇಬರ ಮನೆಯ ಕಿಟಕಿಯ ಹತ್ತಿರವಿತ್ತು. ಎರಡು ಸಂಜೆ ಆ ದಾರಿಯಲ್ಲಿ ಓಡಾಡಿ, ಯಾರೂ ಇಲ್ಲದಾಗ ಅಲ್ಲಾಡಿಸಿ, ಕಿಟಕಿಯ ಸಡಿಲ ಕೊಂಡಿಯನ್ನು ಎಬ್ಬಿಸುವುದು ಕಲಿತಿದ್ದ.

ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬೈಕು ಹತ್ತಿದ. ಮೊದಲು ಗುಡ್ಡ. ಆಮೇಲೆ ಮನೆ. ಹೊತ್ತಿಸಿದ ಸೊಳ್ಳೆಬತ್ತಿ ಇಡಲು ಕಿಟಕಿಯೊಳಗೆ ಕೈ ಹಾಕುವಾಗ ಪಕ್ಕದ ಮನೆಯ ನಾಯಿ ಬೊಗಳಿತು. ಗೋಡೆಗೆ ಅಂಟಿ ನಿಂತ. ಯಾರೂ ಬರಲಿಲ್ಲ. ಹತ್ತು ನಿಮಿಷದಲ್ಲಿ ಠಾಣೆಯಲ್ಲಿದ್ದ, ಕೈ ತೊಳೆದು, ತಲೆ ಬಾಚಿಕೊಂಡು. ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಅವನಿಗೇ ಆಶ್ಚರ್ಯ.

ಮೂರು ಗಂಟೆಗೆ ಸೈರನ್ ಕೂಗಿತು. ಉದ್ದಕ್ಕೆ, ನಿಲ್ಲದೆ. ಹುಲ್ಲಿನ ಬೆಂಕಿಗೆ ಹಾಗೆ, ಮನೆಯ ಬೆಂಕಿಗಾದರೆ ಬಿಟ್ಟು ಬಿಟ್ಟು.

ಗುಡ್ಡ ತಲುಪುವ ಹೊತ್ತಿಗೆ ಬೆಂಕಿ ಅರ್ಧ ಇಳಿಜಾರು ನುಂಗಿತ್ತು. ಹೊಗೆಯಲ್ಲಿ ಸೂರ್ಯ ತಾಮ್ರದ ತಟ್ಟೆಯಾಗಿದ್ದ. ಸಾಹೇಬರು, ಮೀಸೆ ಎಂದೇ ಹೆಸರಾದ ಪೈಪಿನವನು, ಇನ್ನಿಬ್ಬರು ಹಸಿ ಕೊಂಬೆ, ಒದ್ದೆ ಗೋಣಿಚೀಲ ಹಿಡಿದು ಹುಲ್ಲನ್ನು ಬಡಿಯುತ್ತಾ ಏರಿದರು. ಡ್ರೈವರ್ ಪಂಪಿನ ಹತ್ತಿರ ನಿಂತ. ಅವನ ಲೆಕ್ಕಾಚಾರದ ಕೊನೆಯ ಕೆಲಸ ಇನ್ನೂ ಉಳಿದಿತ್ತು. ಯಾರೂ ನೋಡದಾಗ ಟ್ಯಾಂಕಿನ ತಳದ ನಲ್ಲಿಯನ್ನು ತಿರುಗಿಸಿದ. ನೀರು ಬೂದಿಯೊಳಗೆ ಸದ್ದಿಲ್ಲದೆ ಇಂಗಿತು. ಮನೆಯ ಕರೆ ಬಂದಾಗ ಗಾಡಿ ಮೊದಲು ಕೆರೆಗೆ ಹೋಗಿ ನೀರು ತುಂಬಿಸಿಕೊಳ್ಳಬೇಕು. ಅದಕ್ಕೆ ಮುಕ್ಕಾಲು ಗಂಟೆ. ಮಾಪಕದ ಮುಳ್ಳು ಇಳಿಯುವುದನ್ನು ನೋಡುತ್ತಿದ್ದಂತೆ ಆ ದರ್ಜಿಯ ನೆನಪಾಯಿತು. ಮುಳ್ಳು ಸೊನ್ನೆಗೆ ನಿಂತಿತು.

ನಾಲ್ಕೂಕಾಲು ದಾಟುವಾಗ ಬೆಂಕಿಯ ಅಂಚು ಹಿಡಿತಕ್ಕೆ ಬಂತು. ನಾಲ್ಕೂವರೆಗೆ ಆ ಮನೆ ಹೊತ್ತಿಕೊಳ್ಳಬೇಕಿತ್ತು. ಎಲ್ಲರೂ ಕೆಮ್ಮುತ್ತಾ ಗಾಡಿಯ ನೆರಳಿಗೆ ಬಂದು ಕುಸಿದರು. ಪೈಪಿನವನ ಮೀಸೆ ಒಂದು ಕಡೆ ಸುಟ್ಟು ಗಿಡ್ಡವಾಗಿತ್ತು.

“ಗಂಟಲು ಒಣಗಿ ಹೋಯ್ತು ಸಾರ್. ಇವತ್ತು ಕುಡಿಯೋ ನೀರು ಯಾಕೆ ಇನ್ನೂ ಬಂದಿಲ್ಲ?” ಎಂದ ಅವನು.

ಹೌದಲ್ಲ ಎಂದುಕೊಂಡ ಡ್ರೈವರ್. ಗುಡ್ಡದ ಬೆಂಕಿಗೆ ಬಂದಾಗಲೆಲ್ಲ ಒಂದು ಹೊತ್ತಿಗೆ ಆಟೋದಲ್ಲಿ ಎರಡು ಕ್ಯಾನ್ ತಣ್ಣನೆ ನೀರು ಬರುತ್ತಿತ್ತು. ಹದಿನೆಂಟು ವರ್ಷ ಕುಡಿದಿದ್ದ. ಎಲ್ಲಿಂದ ಬರುತ್ತದೆಂದು ಒಂದು ದಿನವೂ ಕೇಳಿರಲಿಲ್ಲ.

“ಬರುತ್ತೆ ಇರಯ್ಯ,” ಎಂದರು ಸಾಹೇಬರು, ಮುಖ ಒರೆಸಿಕೊಳ್ಳುತ್ತಾ. “ನನ್ನ ಹೆಂಡ್ತಿ ಈ ವಾರ ಮನೇಲಿಲ್ಲ, ಎಲ್ಲಾ ನಮ್ಮ ಡ್ರೈವರ್ ಹೆಂಡ್ತಿ ಒಬ್ಬರೇ ಮಾಡ್ಬೇಕು, ಪಾಪ.” ಡ್ರೈವರನ ಕಡೆ ತಿರುಗಿದರು. “ಉದ್ದ ಸೈರನ್ ಕೂಗಿದ ತಕ್ಷಣ ನಮ್ಮನೆಗೆ ಹೋಗಿ ಕ್ಯಾನ್ ತುಂಬಿಸ್ತಾರೆ. ಹಾಳು ಫಿಲ್ಟರು, ತೊಟ್ಟು ತೊಟ್ಟೇ ಬಿಡೋದು, ಎರಡು ಗಂಟೆ ಅಡುಗೆಮನೇಲಿ ಕಾಯ್ಬೇಕು. ಬೀಗದ ಕೈ ಅವರ ಹತ್ರಾನೇ ಇರೋದು. ನಿನಗೆ ಹೇಳಿಲ್ವಾ?”

ಕೆಂಪು ದಾರದ ಆ ಕೀಲಿ ಒಂದು ವಾರದಿಂದ ಅವನದೇ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು. ದಿನಾ ಅದರ ಪಕ್ಕದಲ್ಲೇ ಅವನು ಅಂಗಿ ನೇತುಹಾಕುತ್ತಿದ್ದ. ಈ ಗುಡ್ಡದಲ್ಲಿ ಮೊಬೈಲ್ ಸಿಗುವುದಿಲ್ಲ. ಡ್ರೈವರ್ ಗಾಡಿಯೊಳಕ್ಕೆ ನುಗ್ಗಿ ವೈರ್‌ಲೆಸ್ ಕಿತ್ತುಕೊಂಡ. “ಹಲೋ ಮಾವ, ಸಾಹೇಬರ ಮನೆಗೆ ಬೆಂಕಿ! ಓಡು, ಅವಳನ್ನ ಹೊರಗೆ ಎಳ್ಕೋ!” ಎಂದು ಕಿರುಚಿದ. ಹಿಂದೆ ಎಲ್ಲರೂ ಎದ್ದು ನಿಂತದ್ದು ಗೊತ್ತಾಯಿತು. ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು. “ಸಾಹೇಬರ ಮನೆ. ಸರಿ. ಒಳಗೆ ಎಷ್ಟು ಜನ?” “ಒಬ್ಬಳು. ನನ್ನ ಹೆಂಡ್ತಿ.” “ಹತ್ತಿದ್ದು ಎಷ್ಟು ಹೊತ್ತಿಗೆ?” ಸಾಹೇಬರು ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. “ಹೇಳಪ್ಪಾ, ಎಷ್ಟು ಹೊತ್ತಿಗೆ?” ಎಂದು ಹಲೋ ಮಾವ ಮತ್ತೆ ಕೇಳಿದ. ಡ್ರೈವರ್ ಗಡಿಯಾರ ನೋಡಿಕೊಂಡ. “ಇನ್ನೂ ಹತ್ತಿಲ್ಲ ಮಾವ,” ಎಂದ. “ಇನ್ನೂ ಹನ್ನೆರಡು ನಿಮಿಷ ಇದೆ.”