ಚಾಸಿಯ ಮೇಲಿನ ಕುಂಕುಮ

ಕಾರ್ತಿಕದ ಆ ಬೆಳಿಗ್ಗೆ ಕ್ಯಾಸಂಬಳ್ಳಿಯ ರಾಗಿ ಹೊಲಗಳ ಮೇಲಿಂದ ಮಂಜು ಇನ್ನೂ ಎದ್ದಿರಲಿಲ್ಲ. ಕೊಟ್ಟಿಗೆಯ ತಗಡಿನ ಅಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ತಗಡಿನ ಕೆಳಗೊಂದು ಹಳೇ ಜೀಪು. ಜೀಪಿನ ಕೆಳಗಿಂದ ಚಾಚಿದ ಎರಡು ಕಾಲು.

"ಅಣ್ಣಾ, ವೆಲ್ಡಿಂಗ್ ಕೆಲ್ಸಕ್ಕೆ ಬಂದಿವ್ನಿ. ಸುಮಲತಾ ಮೇಡಂ ಅವ್ರಾ?"

ಕಾಲುಗಳು ಸರಿದವು. ಗ್ರೀಸು ಮೆತ್ತಿದ ಮುಖ... ಅದರಲ್ಲಿ ನಗು ತಡೆದ ಎರಡು ಕಣ್ಣು!

"ಅಣ್ಣನೂ ನಾನೇ, ಮೇಡಮ್ಮೂ ನಾನೇ. ಆ ಹದಿನಾಲ್ಕರ ಸ್ಪ್ಯಾನರ್ ಇತ್ಲಾಗ್ ಕೊಡಿ."

ಬಂದವನು ಗೋಪಿನಾಥ. ಹಳೇ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನಲ್ಲಿ ಅವನ ಕೈಕೆಲಸಕ್ಕೆ ಹೆಸರಿತ್ತು. ಅಂಥವನು ಅಂದು ಹನ್ನೆರಡರ ಸ್ಪ್ಯಾನರ್ ಕೊಟ್ಟ!

ಆ ಜೀಪು ಸುಮಲತಳ ತಂದೆ ಮುನಿಸ್ವಾಮಪ್ಪನದು. ವರ್ಷವಿಡೀ ಹಾಲಿನ ಕ್ಯಾನು ಹೊರುತ್ತಿದ್ದ ಗಾಡಿ, ಕಾರ್ತಿಕದ ಕೊನೆಯ ಸೋಮವಾರ ಮಾತ್ರ ಹೆಂಡತಿ ಆದಿಲಕ್ಷ್ಮಮ್ಮನನ್ನು ಬೆಟ್ಟದ ಈಶ್ವರನ ಬಳಿಗೆ ಒಯ್ಯುತ್ತಿತ್ತು. ಆತ ತೀರಿಕೊಂಡು ಮೂರು ವರ್ಷ. ಜೀಪೂ ನಿಂತಿತು, ಅಮ್ಮನ ಮಂಡಿಯೂ ನಿಂತಿತು. ಈ ಕಾರ್ತಿಕದಲ್ಲಿ ಅಮ್ಮನನ್ನು ಅದೇ ಜೀಪಿನಲ್ಲಿ ಬೆಟ್ಟ ಹತ್ತಿಸುತ್ತೇನೆಂದು ಸುಮಲತ ಹರಕೆ ಹೊತ್ತಿದ್ದಳು. ಬಂಗಾರಪೇಟೆಯ ಗುಜರಿ ಅಂಗಡಿಗಳಲ್ಲಿ ಸಾಮಾನು ಹುಡುಕಿ, ಹನ್ನೊಂದು ತಿಂಗಳಿಂದ ಕಟ್ಟುತ್ತಿದ್ದಳು. ವೆಲ್ಡಿಂಗ್ ಒಂದೇ ಅವಳಿಗೆ ಬಾರದ್ದು.

ಎರಡು ವಾರ ಗೋಪಿನಾಥ ಬಂದ. ಕಲಿಸಿದ. ಅವಳ ಬೆಸುಗೆ ಸೊಟ್ಟಗಾದಾಗಲೆಲ್ಲ, "ಪರ್ವಾಗಿಲ್ಲ ಮೇಡಂ, ಎರೆಹುಳ ತೆವಳ್ದಂಗೈತೆ" ಎನ್ನುತ್ತಿದ್ದ. ಆದಿಲಕ್ಷ್ಮಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತಿದ್ದರು.

'ಇವನು ಬಂದರೆ ಅಂಗಳ ಯಾಕೆ ಇಷ್ಟು ತುಂಬಿದಂತಿರುತ್ತೆ?' ಸುಮಲತ ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು...

ಸೋಮವಾರಕ್ಕೆ ಎರಡೇ ದಿನ. ಶನಿವಾರ ಬೆಳಿಗ್ಗೆ ಎದುರಿನ ಡೈರಿಗೆ ಹಾಲು ಹಾಕಿ ಬಂದವಳು ಬೆಚ್ಚಿ ನಿಂತಳು.

ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ಆ ಚಾಸಿಯ ಮುಂತುದಿಯಲ್ಲಿ, ಪ್ರತಿ ಆಯುಧಪೂಜೆಗೂ ಅಪ್ಪ ಬೆರಳಾರೆ ಬಳಿದ ಅರಿಶಿನ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು. ಇಡೀ ಗಾಡಿ ಉಜ್ಜಿದ್ದ ಸುಮಲತ ಆ ಜಾಗವನ್ನು ಮಾತ್ರ ಮುಟ್ಟಿರಲಿಲ್ಲ. ಈಗ ಅಲ್ಲಿ ಬರೀ ಕಬ್ಬಿಣ! ಗೋಪಿನಾಥನ ಕೈಯಲ್ಲಿ ಉಳಿ!

"ಯಾರ್ನ ಕೇಳಿ ಕೆರದ್ರಿ? ನಮ್ಮಪ್ಪನ ಬೆರಳಿತ್ತು ಅಲ್ಲಿ!"

"ಮೇಡಂ, ಒಸಿ ಬಂದು ನೋಡಿ..."

"ಏನ್ ನೋಡೋದು? ದೈವ ದೇವ್ರು ಅನ್ನೋದಿಲ್ವಾ ನಿಮ್ಗೆ? ಓಗ್ರಿ! ಇನ್ನ ಈ ಬಾಗ್ಲಿಗೆ ಬರಬ್ಯಾಡ್ರಿ!"

ಡೈರಿಯ ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ಏನಯ್ಯಾ ವೆಲ್ಡಿಂಗು, ಕರೆಂಟ್ ಒಡೀತಾ?" ಸೀನಪ್ಪ ಕೂಗಿದ. ಎಲ್ಲರೂ ನಕ್ಕರು.

ಗೋಪಿನಾಥ ಒಮ್ಮೆ ಆ ಜನರನ್ನು ನೋಡಿದ, ಒಮ್ಮೆ ಅವಳನ್ನು. ಉಳಿಯನ್ನು ಚೀಲಕ್ಕೆ ಹಾಕಿ ನಡೆದುಬಿಟ್ಟ.

"ತಟ್ಟಿದ್ರೆ ಸದ್ದು ಸರಿಗಿಲ್ಲ ಅಂದ. 'ಕೆರಿ ಅಪ್ಪಾ' ಅಂದಿದ್ದು ನಾನು ಕಣೇ!" ಒಳಗಿಂದ ಕುಂಟುತ್ತ ಬಂದ ಅಮ್ಮ ಗದರಿದರು. "ಪಾಪ, ಒಂದ್ ಚೂರೂ ನೆಲಕ್ ಬೀಳಕ್ ಬಿಡ್ಲಿಲ್ಲ. ಟವಲ್ ಆಸಿ ಇಡ್ಕಂಡು, ತುಳಸಿ ಬುಡಕ್ಕಾಕಿ ಕೈ ಮುಗ್ದ. ಬಗ್ಗಿ ನೋಡು ಒಂದ್ ದಪ ಅಲ್ಲಿ."

ಸುಮಲತ ಬಗ್ಗಿದಳು. ಕೂದಲೆಳೆಯಂಥ ಬಿರುಕು... ಕಬ್ಬಿಣದ ಈ ಅಂಚಿನಿಂದ ಆ ಅಂಚಿಗೆ! ಬೆಟ್ಟದ ತಿರುವಿನಲ್ಲಿ, ಅಮ್ಮ ಕೂತಿರುವಾಗ ಅದು ಬಿಟ್ಟುಕೊಂಡಿದ್ದರೆ?

ಭಕ್ತಿಯಿಂದ ಬಳಿದದ್ದೇ ಬಿರುಕನ್ನು ಮುಚ್ಚಿತ್ತು. ಹನ್ನೊಂದು ತಿಂಗಳು ಅವಳ ಕಣ್ಣಿಗೂ ಬಿದ್ದಿರಲಿಲ್ಲ. ಆ ಮಾತನ್ನು ಊರ ಮುಂದೆ ಆಡಿ ತನ್ನ ಮಾನ ಉಳಿಸಿಕೊಳ್ಳಬಹುದಿತ್ತು ಅವನು. ಆಡಲಿಲ್ಲ. ಅವಳ ಮಾನ ಉಳಿಸಿದ...

ಮಧ್ಯಾಹ್ನವೇ ಸ್ಕೂಟಿ ಹತ್ತಿ ಚಾಂಪಿಯನ್ ರೀಫ್ಸ್‌ಗೆ ಹೋದಳು. ಗೋಪಿನಾಥ ಮನೆ ಮುಂದೆ ಕಬ್ಬಿಣದ ಪಟ್ಟಿಯೊಂದನ್ನು ಅಳತೆಗೆ ಕತ್ತರಿಸುತ್ತಿದ್ದ.

"ಯಾರಿಗೆ ಅದು?"

"ನಿಮ್ ಗಾಡೀಗೆ. ಬಿರುಕು ಬೆಸೆದ್ರೆ ಸಾಲ್ದು, ಮೇಲೆ ಪಟ್ಟಿ ಬೇಕು. ಯಾರ್ ಕೈಲಾದ್ರೂ ಕಳಿಸೋಣಾಂತ..."

ಅವಳ ಕಣ್ಣು ತುಂಬಿತು. "ಅಷ್ಟು ಬೈದ್ನಲ್ಲ, ಕೋಪ ಇಲ್ವಾ?"

"ಐತೆ, ನನ್ ಮೇಲೇನೆ." ಅವನು ತಲೆ ತಗ್ಗಿಸಿದ. "ಗಾಡಿ ರೆಡಿಯಾದ್ರೆ ಬರಕ್ಕೆ ನೆಪ ಇರಲ್ವಲ್ಲಾಂತ ಕೊರಗ್ತಿದ್ದೆ. ಬಿರುಕು ಕಂಡಾಗ ಒಂದ್ ಗಳಿಗೆ ಖುಸಿ ಆಗೋಯ್ತು! ಆಮೇಲೆ, ಈಸ್ವರಾ ತಪ್ಪಾಯ್ತು ಅಂದ್ಕಂಡೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಬರಕ್ಕೆ ನೆಪ ಯಾಕೆ ಬೇಕು, ಗೋಪಿ?"

ಭಾನುವಾರವಿಡೀ ಇಬ್ಬರೂ ಬೆಸೆದರು. ಕೊನೆಯ ಬೆಸುಗೆಯನ್ನು ಅವನು ಅವಳಿಗೇ ಬಿಟ್ಟ. ಅದು ನೇರವಾಗಿ ಬಂತು.

ಸೋಮವಾರ ಬೆಳಿಗ್ಗೆ ಹೊಸ ಪಟ್ಟಿಗೆ ಆದಿಲಕ್ಷ್ಮಮ್ಮ ಒಂದೇ ಒಂದು ಬೊಟ್ಟು ಇಟ್ಟು ಹಿಂದಿನ ಸೀಟು ಹತ್ತಿದರು. ಗೋಪಿನಾಥ ಮುಂದೆ ಕೂತ. ಜೀಪು ಗುಡುಗಿ ಹೊರಟಿತು. ಡೈರಿಯ ಮುಂದೆ ಸುಮಲತ ಎಂಜಿನ್ ಆರಿಸಿ ಇಳಿದಳು.

"ಸೀನಪ್ಪಣ್ಣಾ," ದನಿ ಏರಿಸಲಿಲ್ಲ. ಸಾಲಿನಲ್ಲಿದ್ದವರೆಲ್ಲ ಮತ್ತೆ ತಿರುಗಿದರು. "ಮೊನ್ನೆ ಇವ್ರಿಗೆ ಬೈದಿದ್ದು ನನ್ ತಪ್ಪು. ನನ್ ಕಣ್ಣಿಗೆ ಬೀಳದ ಬಿರುಕನ್ನ ಇವ್ರು ಕಂಡ್ರು. ಅಮ್ಮ ಇವತ್ತು ಬೆಟ್ಟ ಅತ್ತೋದು ಇವ್ರಿಂದ."

ಸೀನಪ್ಪ ಹೆಗಲ ಟವಲು ತೆಗೆದು ಗೋಪಿನಾಥನಿಗೆ ಕೈ ಮುಗಿದ.

ಅವಳು ಮತ್ತೆ ಸ್ಟೀರಿಂಗ್ ಹಿಡಿದಾಗ ಗೋಪಿನಾಥ ಮೆಲ್ಲಗೆ ಕೇಳಿದ, "ಇಷ್ಟು ಜನದ ಮುಂದೆ ಬೇಕಿತ್ತಾ, ಸುಮಾ?"

"ಇಷ್ಟೇ ಜನದ ಮುಂದೆ ನಿಮ್ ಮಾನ ಕಿತ್ಕಂಡಿದ್ನಲ್ಲ..." ಎಂದಳು ಅವಳು.