ನಿಂತೇ ಆಡಬೇಕಾದ ಮಾತು

"ಯಾರು ಸಹಿ ಹಾಕ್ತಿಲ್ಲ ಮೇಡಂ? ಕೆಲಸ ಬದಲಾಯಿಸೋಕೆ ಎನ್‌ಒಸಿ ಪ್ರಾಬ್ಲಮ್ಮಾ?"

ದೋಹಾದ ಅಬು ಹಮೂರಿನ ಚರ್ಚ್ ಗೇಟಿನ ಹೊರಗೆ, ಶುಕ್ರವಾರದ ಪೂಜೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ತಿರುಗಿ ನೋಡಿದರೆ ಎತ್ತರದ, ಕಿವಿಯ ಪಕ್ಕ ನರೆತ ಗಂಡಸು. ಮುಖದಲ್ಲಿ ನಿಜವಾದ ಕಾಳಜಿ ಇತ್ತು, ಹಾಗಾಗಿ ಬೈಯುವ ಮನಸ್ಸಾಗಲಿಲ್ಲ.

ನಾನು ಒಬ್ಬಳೇ ಮಾತಾಡಿಕೊಳ್ಳುತ್ತಿದ್ದೆ. ಇಲ್ಲಿನ ಒಂದು ಅಮೆರಿಕನ್ ಸಿಲಬಸ್ ಶಾಲೆಯಲ್ಲಿ, ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಎಂದು ಹನ್ನೊಂದನೇ ಕ್ಲಾಸಿನವರಿಗೆ ಕಲಿಸುವವಳು ನಾನು. ಶಿರ್ವದಲ್ಲಿ ಕನ್ನಡ ಮೀಡಿಯಂ ಓದಿದ ಈ ಫ್ಲೋರಿನ್‌ಗೆ ಪಾಠವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳದಿದ್ದರೆ ತಲೆಗೆ ಹತ್ತುವುದಿಲ್ಲ. "ಅವರು ಸಹಿ ಹಾಕುದಿಲ್ಲ ಅಂತ ಹೇಳಿದ್ರೆ ಎಂತ ಮಾಡುದು?" ಎಂದು ಸ್ವಲ್ಪ ಜೋರಾಗಿಯೇ ಕೇಳಿಕೊಂಡಿದ್ದೆ.

"ಸಹಿ ಹಾಕದೆ ಇರುದು ಅಮೆರಿಕದ ಅಧ್ಯಕ್ಷರು ಮಾರ್ರೆ," ಎಂದೆ. "ಅಲ್ಲಿ ನಿಮಗೆ ಗುರ್ತದವರು ಉಂಟಾ?"

ಅವರ ಕಿವಿ ಕೆಂಪಾಯಿತು. ಆಮೇಲೆ ತುಟಿಯ ಒಂದು ಬದಿ ಮಾತ್ರ ನಕ್ಕಿತು. ಆ ಅರ್ಧ ನಗೆ ನನ್ನ ಜೊತೆ ಮನೆಯವರೆಗೂ ಬಂತು, ಅವರ ಕಾರಿನಲ್ಲೇ.

ಹೆಸರು ಲಾಯ್ಡ್. ಭದ್ರಾವತಿಯಲ್ಲಿ ಬೆಳೆದವರು, ಕೊಂಕಣಿ ಆಡಲು ಹೋದರೆ ಎಡವುತ್ತಾರೆ, ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರ್, ಕಂಟ್ರೋಲ್ ರೂಮಿನಲ್ಲಿ ಸ್ಕ್ರೀನ್ ನೋಡುತ್ತಾ ಕೂರುವ ಕೆಲಸ. ನನ್ನ ಹಾಗೆಯೇ ಮದುವೆಯಾಗಿರಲಿಲ್ಲ. ಶಿಫ್ಟ್ ಇಲ್ಲದ ಶುಕ್ರವಾರಗಳಲ್ಲಿ ನನ್ನನ್ನು ನನ್ನ ರೂಮಿರುವ ನಜ್ಮಾ ಏರಿಯಾಕ್ಕೆ ಬಿಟ್ಟು ಹೋಗುವುದು ಅವರ ರೂಢಿಯಾಯಿತು.

ಮಾತು ಮಾತ್ರ ಕೇಳಬೇಡಿ. ನಾನು ಹತ್ತು ಹೇಳಿದರೆ ಅವರದ್ದು ಒಂದು "ಹೂಂ". ಆ ಮೌನ ತಡೆಯಲಾಗದೆ ಮುಂದಿನ ವಾರದ ಪಾಠವನ್ನೆಲ್ಲ ಕಾರಿನಲ್ಲೇ ಒಪ್ಪಿಸುತ್ತಿದ್ದೆ. ಒಮ್ಮೆ ಅಮೆರಿಕದ ಸೆನೆಟಿನ ಒಂದು ವಿಚಿತ್ರ ಹೇಳಿದೆ. ಒಂದು ಮಸೂದೆ ಪಾಸಾಗಬಾರದು ಅನ್ನಿಸಿದ ಸೆನೆಟರ್ ಎದ್ದು ನಿಂತು ಮಾತಾಡುತ್ತಲೇ ಇರಬಹುದು. ಅವನ ಮಾತು ಮುಗಿಯದೆ ವೋಟ್ ಆಗುವುದಿಲ್ಲ. ಅಡುಗೆಯ ವಿಷಯ ಮಾತಾಡಿದರೂ ನಡೆಯುತ್ತದೆ, ಆದರೆ ಕೂರುವ ಹಾಗಿಲ್ಲ. ಮಧ್ಯೆ ಯಾರಾದರೂ ಪ್ರಶ್ನೆ ಕೇಳಲು ಬಿಡಬಹುದು, ಅದರಿಂದ ಅವನ ಸರದಿ ಹೋಗುವುದಿಲ್ಲ.

"ನನ್ನ ಕೈಲಿ ಎರಡು ನಿಮಿಷಾನೂ ಆಗಲ್ಲ ಟೀಚರ್," ಎಂದು ಲಾಯ್ಡ್ ಪೂರ್ತಿ ನಕ್ಕರು.

ನನ್ನ ಕ್ಲಾಸಿನಲ್ಲಿ ಈಜಿಪ್ಟಿನವರು, ಲೆಬನಾನಿನವರು, ಫಿಲಿಪೀನೋಗಳು, ಮಲಯಾಳಿಗಳು. ನಮ್ಮಲ್ಲಿ ಯಾರಿಗೂ ಆ ದೇಶದಲ್ಲಿ ವೋಟಿಲ್ಲ, ನಾನಂತೂ ಆ ದೇಶವನ್ನೇ ನೋಡಿಲ್ಲ. ನಜ್ಮಾದ ರೂಮಿನಲ್ಲಿ ನಾವು ಮೂವರು, ಮೂವರದೂ ಬೇರೆ ಬೇರೆ ಡ್ಯೂಟಿ. ಸಂಜೆ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದೆ. ಊಟ ಆಯ್ತಾ ಎಂದು ಕೇಳುವವರಿಲ್ಲದೆ ಎಷ್ಟೋ ಸಂಜೆ ಸುಮ್ಮನೆ ಅತ್ತಿದ್ದೇನೆ. ಶುಕ್ರವಾರದ ಆ ಸಣ್ಣ ಪ್ರಯಾಣಕ್ಕಾಗಿ ವಾರವಿಡೀ ಕಾಯುತ್ತಿದ್ದೇನೆ ಎಂಬುದನ್ನು ನನಗೇ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಮೇ ತಿಂಗಳಲ್ಲಿ ಶಾಲೆಯವರು ಬರುವ ವರ್ಷದಿಂದ ನನ್ನ ವಿಷಯ ಇಲ್ಲ ಎಂದರು. ಅಲ್ ವಕ್ರಾದ ಇನ್ನೊಂದು ಶಾಲೆ ಕರೆದಿತ್ತು, ಆದರೆ ಊರಿನಿಂದ ಅಣ್ಣ, ಸಾಕು ಬಂದುಬಿಡು ಎನ್ನುತ್ತಿದ್ದ. ಲಾಯ್ಡ್‌ಗೆ ಎಲ್ಲ ಹೇಳಿ ಅವರ ಮುಖವನ್ನೇ ನೋಡಿದೆ. 'ಇರಿ' ಎನ್ನುವ ಒಂದು ಪದ ಸಾಕಿತ್ತು. ಅವರು ಸಿಗ್ನಲ್ ನೋಡುತ್ತಾ, ಯೋಚನೆ ಮಾಡಿ ಟೀಚರ್, ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಯೋಚನೆ ಮಾಡಿ ಮಾಡಿಯೇ ಅಲ್ಲವೇ ನಾನು ಇಷ್ಟು ವಯಸ್ಸು ಕಳೆದದ್ದು.

ವಕ್ರಾದವರಿಗೆ ಉತ್ತರ ಕೊಡಬೇಕಾದ ದಿನವೂ ಶುಕ್ರವಾರವೇ ಆಗಿತ್ತು. ನನ್ನ ಬಿಲ್ಡಿಂಗಿನ ಕೆಳಗೆ ಕಾರು ನಿಂತಾಗ, ಮೇಲೆ ಹೋದ ಕೂಡಲೇ ಬೇಡ ಎಂದು ಮೇಲ್ ಹಾಕುತ್ತೇನೆ, ಜೂನ್ ಮುಗಿದ ಮೇಲೆ ಊರಿಗೆ, ಎಂದು ಹೇಳಿ ಇಳಿದೆ.

ಎಂದೂ ಕಾರಿನಿಂದ ಇಳಿಯದ ಲಾಯ್ಡ್ ಇಳಿದರು. ಬಂದು ಮೆಟ್ಟಿಲಿಗೆ ಅಡ್ಡ ನಿಂತು ಮಾತು ಶುರು ಮಾಡಿದರು.

ಮೊದಲು ಮೆಸ್ಸಿನ ಸಾಂಬಾರಿನ ವಿಷಯ. ಆಮೇಲೆ ಕಂಟ್ರೋಲ್ ರೂಮಿನಲ್ಲಿ ಯಾವ ಅಲಾರಂಗೆ ಯಾವ ಬಣ್ಣ, ಭದ್ರಾವತಿಯ ಫ್ಯಾಕ್ಟರಿ ಸೈರನ್‌ಗೆ ಇಡೀ ಬೀದಿ ಹೇಗೆ ಗಡಿಯಾರ ತಿದ್ದಿಕೊಳ್ಳುತ್ತಿತ್ತು, ಮೊಟ್ಟೆ ಸಾರಿಗೆ ಕೊಬ್ಬರಿ ಎಷ್ಟು ಹುರಿಯಬೇಕು. ನಾನು ಬಾಯಿ ತೆರೆದರೆ ಕೈ ಅಡ್ಡ ತಂದು, "ನಂದು ಮುಗಿದಿಲ್ಲ," ಎಂದರು. ಮಧ್ಯಾಹ್ನದ ನಮಾಜಿಗೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮಸೀದಿಗೆ ಹೊರಟವರು ನಮ್ಮನ್ನು ನೋಡಿಕೊಂಡು ಹೋದರು. ಲಾಯ್ಡ್ ಅವರ ಶರ್ಟು ಬೆವರಿಗೆ ಬೆನ್ನಿಗಂಟಿತ್ತು, ಗಂಟಲು ಒಣಗಿ ಮಾತು ಕೀರಲಾಗಿತ್ತು. ಈ ಮನುಷ್ಯನಿಗೆ ಬಿಸಿಲು ತಲೆಗೆ ಹೊಡೆಯಿತು ಎಂದುಕೊಂಡೆ. ಟೈಲರ್ ಅಂಗಡಿಯ ಮೆಟ್ಟಿಲು ತೋರಿಸಿ, ಸ್ವಲ್ಪ ನೆರಳಲ್ಲಿ ಕೂತ್ಕೊಳ್ಳಿ ಎಂದೆ.

"ಕೂತರೆ ವೋಟಾಗುತ್ತಲ್ಲ ಟೀಚರ್."

ಆಗ ಅರ್ಥವಾಯಿತು. ನನ್ನ ಕಣ್ಣಿಗೆ ನೀರು ಬಂದದ್ದು ಬಿಸಿಲಿಗಂತೂ ಅಲ್ಲ.

"ಒಂದು ಪ್ರಶ್ನೆ ಕೇಳ್ಬಹುದಾ?" ಎಂದೆ. "ಸರದಿ ನಿಮ್ಮದೇ ಇರ್ತದೆ."

"ಕೇಳಿ."

"ನೀವು ತಡೀಲಿಕ್ಕೆ ಹೊರಟದ್ದು ಯಾವುದನ್ನು?"

ಅವರು ನನ್ನ ಚಪ್ಪಲಿಯನ್ನು ನೋಡಿ, ಮೆಲ್ಲನೆ ಕಣ್ಣೆತ್ತಿದರು.

"ನೀವು ಹೋಗೋದನ್ನ. ವಾರ ಪೂರ್ತಿ ನನ್ನ ಹತ್ರ ಮಾತಾಡೋರು ಯಾರೂ ಇಲ್ಲ, ಫ್ಲೋರಿನ್. ಶುಕ್ರವಾರ ನೀವು ಹೇಳಿದ್ದನ್ನೇ ಶಿಫ್ಟಲ್ಲಿ ಕೂತು ಮತ್ತೆ ಮತ್ತೆ ನೆನಪು ಮಾಡ್ಕೋತೀನಿ. ಇರಿ ಅನ್ನೋಕೆ ನಾನ್ಯಾರು ಅನ್ನಿಸ್ತು. ಇವತ್ತು ಅನ್ನಿಸ್ತಿಲ್ಲ. ಇರಿ. ನನ್ನ ಜೊತೆ ಇರಿ."

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದರು. ಅಷ್ಟು ಹೇಳಿ ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇನ್ನು ವೋಟಾಗಬೇಕಿತ್ತು.

ಬ್ಯಾಗಿನಿಂದ ನೀರಿನ ಬಾಟಲಿ ತೆಗೆದುಕೊಟ್ಟು ಪಕ್ಕದಲ್ಲಿ ಕೂತೆ. ನೆರಳಿದ್ದರೂ ಮೆಟ್ಟಿಲು ಸುಡುತ್ತಿತ್ತು. ಅವರು ನೀರು ಕುಡಿದು, ನನ್ನ ಕಡೆ ನೋಡುವ ಧೈರ್ಯವಿಲ್ಲದೆ, ರಸ್ತೆಯ ಆಚೆ ಬದಿಗೆ ಕೇಳಿದರು.

"ಫ್ಲೋರಿನ್ ಊರಿಗೆ ಹೋಗಬೇಕು ಅನ್ನೋರು ಕೈ ಎತ್ತಿ."

ಖಾಲಿ ಬೀದಿಯಲ್ಲಿ ಯಾರೂ ಕೈ ಎತ್ತಲಿಲ್ಲ. ನನ್ನ ಎರಡೂ ಕೈ ಆಗಲೇ ಅವರ ಕೈ ಹಿಡಿದುಕೊಂಡಿದ್ದವು.