ರವಿವಾರದ ಡಬ್ಬಿ

ಗುರುವಾರ ಬೆಳಿಗ್ಗೆ ಎಂಟೂವರೆ. ವಿದ್ಯಾವತಿ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದಳು. ಮೈಯೆಲ್ಲ ಬೆವರು. ಕಣ್ಣು ಅರ್ಧ ತೆರೆದಿತ್ತು. ಕರೆದರೆ ಉತ್ತರವಿಲ್ಲ.

ಮೊದಲು ನೋಡಿದವಳು ಅತ್ತೆ ತುಳಜಾಬಾಯಿ. ಆಕೆಯ ಕೂಗಿಗೆ ಅಕ್ಕಪಕ್ಕದವರು ಓಡಿಬಂದರು. ಕಾಲು ಗಂಟೆಯಲ್ಲಿ ಆಟೋ ಉದಗೀರದ ಸಂತೆ ದಾಟಿ ಆಸ್ಪತ್ರೆಯ ಮುಂದೆ ನಿಂತಿತು. ರಕ್ತದಲ್ಲಿ ಸಕ್ಕರೆ ಬರೀ ಇಪ್ಪತ್ತೆಂಟು. ಡಾಕ್ಟರ್ ದತ್ತಾತ್ರಿ ಗ್ಲುಕೋಸ್ ಏರಿಸಿದರು. ಆಮೇಲೆ ಪೊಲೀಸ್ ಠಾಣೆಗೆ ಫೋನ್ ಮಾಡಿದರು.

ಬಂದವಳು ಸಬ್ ಇನ್‌ಸ್ಪೆಕ್ಟರ್ ಭುವನೇಶ್ವರಿ. ತವರು ಕರ್ನಾಟಕದ ಭಾಲ್ಕಿ, ನೌಕರಿ ಮಹಾರಾಷ್ಟ್ರದ ಈ ಊರಿನಲ್ಲಿ. ಕನ್ನಡದ ಮನೆಯವರೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

ವಿದ್ಯಾವತಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ತೂಕ ಇಳಿಸಲು ಎರಡು ತಿಂಗಳಿಂದ ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಳು. ಬರೆದುಕೊಟ್ಟವರು ದತ್ತಾತ್ರಿಯವರೇ. ಇವತ್ತು ಎಂಟು ಗಂಟೆಗೆ ಹೊಸ ಇಂಜೆಕ್ಷನ್ ಪೆನ್ನಿನಿಂದ ಚುಚ್ಚಿಕೊಂಡಿದ್ದಳು.

"ಇದು ಆ ಇಂಜೆಕ್ಷನ್ನಿನ ಸೈಡ್ ಇಫೆಕ್ಟ್ ಅಲ್ಲೇನ್ರಿ?" ಭುವನೇಶ್ವರಿ ಡಾಕ್ಟರನ್ನು ಕೇಳಿದಳು.

"ಅದರಿಂದ ವಾಕರಿಕಿ, ವಾಂತಿ ಆಗ್ತಾವ. ಒಮ್ಮೊಮ್ಮೆ ಇನ್ನೂ ದೊಡ್ಡ ತ್ರಾಸ್ ಆಗತದ. ಆದ್ರ ಈಕಿಗಿ ಶುಗರ್ ಇಲ್ಲ, ಬ್ಯಾರೆ ಗುಳಿಗಿನೂ ಇಲ್ಲ. ಬರೇ ಆ ಔಷಧಕ್ಕ ಸಕ್ಕರಿ ಇಷ್ಟು ಇಳಿಯಂಗಿಲ್ಲ. ಇದು ಇನ್ಸುಲಿನ್ ಕೆಲಸ ಅನಸ್ತದ."

*

ತುಳಜಾಬಾಯಿ ಗೋಡೆಗೆ ಒರಗಿ ನಿಂತಿದ್ದಳು. ಕೇಳುವ ಮೊದಲೇ ಹೇಳಿದಳು.

"ನನಗ ಹಿಡೀರಿ ಮೇಡಂ. ನನ್ನ ಇನ್ಸುಲಿನ್ ಪೆನ್ನೂ ಅದೇ ಫ್ರಿಜ್‌ನಾಗ ಇರ್ತದ. ಮುಂಜಾನಿ ಆಕಿ ಕೈಯಾಗ ಪೆನ್ನು ಕೊಟ್ಟಾಕಿ ನಾನೇ. ಕಣ್ಣು ಕಾಣಂಗಿಲ್ಲ. ನಂದೇ ಕೊಟ್ಟಿರಬೇಕು."

ನೆರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸೊಸೆಗೆ ಹಿಂದಿನ ವಾರ ಜಗಳವಾಗಿತ್ತು ಎಂದು ಒಬ್ಬಾಕೆ ಭುವನೇಶ್ವರಿಯ ಕಿವಿಯಲ್ಲಿ ಹೇಳಿದಳು.

ಭುವನೇಶ್ವರಿ ನೇರ ಮನೆಗೆ ಹೋದಳು. ಫ್ರಿಜ್ ತೆರೆದಳು. ತುಳಜಾಬಾಯಿಯ ಪೆನ್ನು ಇದ್ದ ಜಾಗದಲ್ಲೇ ಇತ್ತು. ವಿದ್ಯಾವತಿ ಚುಚ್ಚಿಕೊಂಡ ಪೆನ್ನು ಅಡುಗೆಕಟ್ಟೆಯ ಮೇಲೆ. ಅದರ ಬಣ್ಣ ಬೇರೆ, ಮೇಲೆ ತೂಕದ ಔಷಧದ ಹೆಸರು. ಅದಲುಬದಲಾಗಿರಲಿಲ್ಲ.

ಆದರೆ ಪೆನ್ನಿಗೆ ಅಂಟಿಸಿದ್ದ ಚೀಟಿಯ ಒಂದು ಮೂಲೆ ಎದ್ದಿತ್ತು. ಕೆಳಗೆ ಇನ್ನೊಂದು ಚೀಟಿಯ ಅಕ್ಷರಗಳು ಇಣುಕುತ್ತಿದ್ದವು. ಪಕ್ಕದಲ್ಲೇ ಅದರ ಡಬ್ಬಿ. ಡಬ್ಬಿಯ ಮೇಲೆ ಬಾಲ್‌ಪೆನ್ನಿನಲ್ಲಿ ಮರಾಠಿಯಲ್ಲಿ ಬರೆದಿತ್ತು: ದರ ರವಿವಾರಿ ಸಕಾಳಿ. ಪ್ರತಿ ರವಿವಾರ ಬೆಳಿಗ್ಗೆ.

ಭುವನೇಶ್ವರಿ ಆ ಸಾಲನ್ನೇ ದಿಟ್ಟಿಸಿದಳು. ವಿದ್ಯಾವತಿಯ ಇಂಜೆಕ್ಷನ್ ದಿನ ಗುರುವಾರ. ಹಾಗಾದರೆ ಈ ಡಬ್ಬಿ ಯಾರದು?

*

ವಿಚಾರಿಸುತ್ತ ಹೋದ ಮೂರನೆಯ ಔಷಧದ ಅಂಗಡಿಯಲ್ಲಿ ಸುಮಿತ ಎಂಬಾತ ಡಬ್ಬಿ ನೋಡಿದ ಕೂಡಲೇ ಅದು ತನ್ನದೇ ಅಕ್ಷರ ಎಂದ. ಹೊಲಿಗೆ ಅಂಗಡಿಯ ಸುವರ್ಣಾಳಿಗೆ ಬರೆದುಕೊಟ್ಟದ್ದು, ಕಳೆದ ತಿಂಗಳು. ವಿದ್ಯಾವತಿಯೂ ಮೊದಲು ಅವನಲ್ಲೇ ಕೊಳ್ಳುತ್ತಿದ್ದಳು. ಈ ತಿಂಗಳು ಮಾಲು ಬಂದಿರಲಿಲ್ಲ.

ಸುವರ್ಣಾ ಏನನ್ನೂ ಮುಚ್ಚಿಡಲಿಲ್ಲ. ತೂಕ ಇಳಿಸುವ ಸೆಂಟರ್ ನಡೆಸುವ ನಾಗನಾಥ ಖಾಲಿ ಡಬ್ಬಿ ಕೇಳುತ್ತಾನೆ. ಕೊಟ್ಟರೆ ಮುಂದಿನ ಪೆನ್ನು ಅರ್ಧ ಬೆಲೆಗೆ. ಅವನು ಕೊಟ್ಟ ಹೊಸ ಪೆನ್ನು ಮನೆಯ ಫ್ರಿಜ್ಜಿನಲ್ಲಿತ್ತು. ಬರುವ ರವಿವಾರ ಚುಚ್ಚಿಕೊಳ್ಳಬೇಕಿತ್ತು. ಭುವನೇಶ್ವರಿ ಅದನ್ನು ಅಲ್ಲೇ ವಶಕ್ಕೆ ತೆಗೆದುಕೊಂಡಳು. ಸುವರ್ಣಾ ಹೊಲಿಗೆ ಯಂತ್ರದ ಮೇಲೆ ಕೈಯೂರಿ ಕುಳಿತಳು.

*

ನಾಗನಾಥ ನಗುತ್ತಲೇ ಕುರ್ಚಿ ಕೊಟ್ಟ. ವಿದ್ಯಾವತಿ ಆಸ್ಪತ್ರೆಯಲ್ಲಿದ್ದಾಳೆ, ಇಂಜೆಕ್ಷನ್ ಆದಮೇಲೆ ಬಿದ್ದಳು. ಭುವನೇಶ್ವರಿ ಹೇಳಿದ್ದು ಇಷ್ಟೇ. ಅವಳಿಗೆ ನೀವೇನಾದರೂ ಔಷಧ ಕೊಟ್ಟಿದ್ದಿರಾ ಎಂದು ಕೇಳಿದಳು. ಇಲ್ಲ, ತಾನು ಊಟದ ಪಟ್ಟಿ ಮಾತ್ರ ಕೊಡುವವನು ಎಂದ.

"ಅವ್ರಿಗಿ ಹೊಸ ಪೆನ್ನು ತಿರುಗಿಸಿ ಡೋಸ್ ಇಡೋದು ತಿಳದಿಲ್ಲ ಕಾಣಸ್ತದ್ರಿ. ಜಾಸ್ತಿ ತಗೊಂಡಿರಬೇಕು."

"ಪೆನ್ನು ಹೊಸದು ಅಂತ ನಾ ಹೇಳಿಲ್ಲಲ್ಲ," ಎಂದಳು ಭುವನೇಶ್ವರಿ. "ಅದು ಆಕಿಗಿ ಗೊತ್ತು. ಕೊಟ್ಟಂವಗ ಗೊತ್ತು."

ನಾಗನಾಥನ ನಗು ನಿಂತಿತು. ಒಳಕೋಣೆಯಲ್ಲಿ ಖಾಲಿ ಡಬ್ಬಿಗಳು, ಅಚ್ಚು ಹಾಕಿಸಿದ ಚೀಟಿಗಳು, ಕಿತ್ತು ಹಾಕಿದ ಇನ್ಸುಲಿನ್ ಚೀಟಿಗಳು ಸಿಕ್ಕವು. ಎಷ್ಟು ಮಂದಿಗೆ ಕೊಟ್ಟೆ ಎಂದದ್ದಕ್ಕೆ ಮೂರು ಎಂದ. ವಿದ್ಯಾವತಿ, ಸುವರ್ಣಾ, ಯೆಣೆಗೂರಿನ ಮಲಕಮ್ಮ.

"ಮಲಕಮ್ಮನ ದಿನ ಯಾವುದು?"

ಅವನು ನೆಲ ನೋಡಿದ. "ಇವತ್ತೇರಿ. ಮಧ್ಯಾಹ್ನ."

ಗಡಿಯಾರದಲ್ಲಿ ಒಂದು ಗಂಟೆ.

*

ಮಲಕಮ್ಮ ಹೆದ್ದಾರಿಯ ಬದಿಗೆ ಧಾಬಾ ನಡೆಸುತ್ತಿದ್ದಳು. ಮೊಣಕಾಲು ನೋವಿಗೆ ತೂಕ ಇಳಿಸಬೇಕಿತ್ತು. ಭುವನೇಶ್ವರಿ ಫೋನ್ ಮಾಡಿದಳು. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದಳು. ಯೆಣೆಗೂರಿಗೆ ಹತ್ತಿರದ ಉಮರ್ಗಾದ ಪೊಲೀಸರಿಗೆ ಹೇಳಿದಳು, ಅವರು ಜೀಪು ಹೊರಡಿಸಿದರು. ಇಲ್ಲಿಂದ ಮಾಡುವುದು ಬೇರೇನೂ ಇರಲಿಲ್ಲ.

ಒಂದೂವರೆಗೆ ಅದೇ ನಂಬರಿನಿಂದ ಫೋನ್ ಬಂತು.

"ಯಾರ್ರಿ? ಗಿರಾಕಿ ಭಾಳ ಅದಾರ, ಫೋನ್ ಕೇಳಸಲಿಲ್ಲ."

"ಮಲಕಮ್ಮ, ಇವತ್ತ ಸೂಜಿ ತಗೊಂಡ್ರೇನು?"

"ಇಲ್ಲವ್ವಾ. ಹಿಂದಿನ ಸೂಜಿಗಿ ಎರಡು ದಿನ ವಾಂತಿ ಆಯ್ತು. ಡಾಕ್ಟರ್ ಈ ವಾರ ಬ್ಯಾಡ ಅಂದಾರ. ಪೆನ್ನು ಡಬ್ಬಿನೇ ಒಡದಿಲ್ಲ."

ಭುವನೇಶ್ವರಿ ಹತ್ತಿರದ ಬೆಂಚಿನ ಮೇಲೆ ಕುಳಿತುಬಿಟ್ಟಳು. ಅದನ್ನು ಮುಟ್ಟಬೇಡ, ಪೊಲೀಸರು ಬರುತ್ತಾರೆ ಎಂದಳು.

*

ಸಂಜೆ ಆಸ್ಪತ್ರೆಯಲ್ಲಿ ವಿದ್ಯಾವತಿ ದಿಂಬಿಗೆ ಒರಗಿ ಕುಳಿತಿದ್ದಳು. ನಿಲಂಗಾದಲ್ಲಿ ಮಾಸ್ತರನಾಗಿರುವ ಗಂಡ ಗುರುಶಾಂತ ಪಕ್ಕದಲ್ಲಿದ್ದ. ಭುವನೇಶ್ವರಿ ಎಲ್ಲ ವಿವರಿಸಿದಳು. ನಾಗನಾಥ ಇನ್ಸುಲಿನ್ ಪೆನ್ನಿಗೆ ತೂಕದ ಔಷಧದ ಚೀಟಿ ಅಂಟಿಸುತ್ತಿದ್ದ. ಪೆನ್ನು ಬೇರೆ ಥರ ಕಂಡರೆ ಕಂಪನಿ ಆಕಾರ ಬದಲಿಸಿದೆ ಎನ್ನುತ್ತಿದ್ದ. ಅನುಮಾನ ಬರದಿರಲೆಂದೇ ಅಸಲಿ ಡಬ್ಬಿ ಬೇಕಿತ್ತು. ಅಂಗಡಿಯಲ್ಲಿ ಮಾಲು ಸಿಗದೆ ವಿದ್ಯಾವತಿ ಅವನಲ್ಲಿ ಕೊಂಡಿದ್ದಳು; ಸುವರ್ಣಾಳ ಡಬ್ಬಿ ಅವಳಿಗೆ ಬಂದದ್ದು ಹೀಗೆ. ಡಬ್ಬಿಯ ಮೇಲಿನ ರವಿವಾರವನ್ನು ಅಳಿಸಲು ಅವನು ಮರೆತಿದ್ದ.

ತುಳಜಾಬಾಯಿ ಇನ್ನೂ ಬಾಗಿಲ ಹೊರಗೇ ಇದ್ದಳು. ಒಳಗೆ ಬರಲು ಧೈರ್ಯವಿರಲಿಲ್ಲ. ಭುವನೇಶ್ವರಿ ಹೋಗಿ ಕೈ ಹಿಡಿದಳು.

"ನಿಮ್ಮ ಪೆನ್ನು ಜಾಗಾ ಬಿಟ್ಟು ಕದಲಿಲ್ಲ ಆಯಿ. ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ."

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಒಳಗೆ ಹೋದಳು. ವಿದ್ಯಾವತಿ ಸರಿದು ಹಾಸಿಗೆಯಲ್ಲಿ ಜಾಗ ಮಾಡಿಕೊಟ್ಟಳು. ಅತ್ತೆ ಕುಳಿತು, ಬೆಳಿಗ್ಗೆಯಿಂದ ತಡೆದಿದ್ದ ಅಳುವನ್ನು ಸೊಸೆಯ ಹೆಗಲ ಮೇಲೆ ಬಿಟ್ಟಳು.